ಸಿಂಗಾಪುರದಲ್ಲಿ ಎಲ್ಲಿ ಉಳಿದರೆ ಚೆನ್ನ: ಲಿಟಲ್ ಇಂಡಿಯಾ, ಬುಗಿಸ್, ಚೈನಾಟೌನ್

ಸಿಂಗಾಪುರಕ್ಕೆ ಹೊರಟ ನೆಂಟರು, ಸ್ನೇಹಿತರು ಫೋನ್ ಮಾಡಿ ಕೇಳುತ್ತಾರೆ, "ಯಾವ ಹೋಟೆಲ್ ಬುಕ್ ಮಾಡೋದು?" ನಾನು ಮೊದಲು ಎರಡು ವಿಷಯ ತಿಳಿದುಕೊಳ್ಳುತ್ತೇನೆ. ಜೊತೆಗೆ ಯಾರು ಬರುತ್ತಿದ್ದಾರೆ? ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಬೇಕು ಅನ್ನುವವರು ಯಾರಾದರೂ ಇದ್ದಾರಾ?

ಎರಡನೆಯದು ಸುಮ್ನೆ ಕೇಳುವುದಲ್ಲ. ಸಿಂಗಾಪುರ ಸಮಭಾಜಕ ವೃತ್ತಕ್ಕೆ ಅಂಟಿಕೊಂಡ ಹಾಗೆ ಇದೆ. ವರ್ಷವಿಡೀ ಹಗಲು 31-32 ಡಿಗ್ರಿ, ಮೈಗೆ ಅಂಟುವ ಸೆಖೆ, ಮಧ್ಯಾಹ್ನ ಯಾವಾಗ ಬೇಕಾದರೂ ಗುಡುಗು ಮಳೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹನ್ನೆರಡಕ್ಕೆಲ್ಲ ಸುಸ್ತು. ಆಗ ರೂಮಿಗೆ ಬಂದು ಸ್ನಾನ ಮಾಡಿ, ಒಂದು ಗಂಟೆ ಕಾಲು ಚಾಚಿದರೆ ಸಂಜೆ ಮತ್ತೆ ಹೊಸ ದಿನ. ಹಾಗೆ ಬರಲು ಆಗದಿದ್ದರೆ ಮಾಲಿನ ಬೆಂಚಿನ ಮೇಲೆ ಕೂತು ತೂಕಡಿಸಬೇಕು. ಆದ್ದರಿಂದ ನನ್ನ ಲೆಕ್ಕದಲ್ಲಿ ಒಳ್ಳೆಯ ಜಾಗದ ಹೋಟೆಲ್ ಅಂದರೆ ರೈಲು ಇಳಿದ ಮೇಲೆ ಹಾಸಿಗೆ ಬೇಗ ಸಿಗುವ ಹೋಟೆಲ್.

ಮನೆಯವರ ಜೊತೆ ಬೇರೆ ಬೇರೆ ಸಲ ಹೋದಾಗ ಮೂರು ಕಡೆ ಉಳಿದಿದ್ದೇವೆ. ಒಂದು ಸಲ ಅತ್ತೆಯೂ ಇದ್ದರು. ಅವರಿಗೆ ಮಂಡಿ ನೋವು, ಹೊರಗಡೆ ಊಟ ತಿಂಡಿಯಲ್ಲೂ ತುಂಬಾ ಕಟ್ಟುನಿಟ್ಟು. ಇನ್ನೊಮ್ಮೆ ಹೈಸ್ಕೂಲಿನ ಮಗಳು ಜೊತೆಗಿದ್ದಳು. ಮತ್ತೊಮ್ಮೆ ನಾವಿಬ್ಬರೇ. ಈ ಹೋಲಿಕೆ ಅಷ್ಟರ ಮೇಲೆ ನಿಂತಿದೆ. ಹೋಟೆಲುಗಳ ಹೆಸರು ಹೇಳುವುದಿಲ್ಲ. ಒಂದು ಬಡಾವಣೆಯಲ್ಲಿ ಒಂದೇ ಬಗೆಯ ಹೋಟೆಲುಗಳು ಸಾಲಾಗಿ ಇರುತ್ತವೆ. ಬಡಾವಣೆ ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ನೋಡಬೇಕಾದ ಜಾಗಗಳಿಗೆ ದೂರ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಲಿಟಲ್ ಇಂಡಿಯಾ, ಬುಗಿಸ್, ಚೈನಾಟೌನ್ ಮೂರೂ ಒಂದೇ ನೀಲಿ ಗೆರೆಯ ಮೆಟ್ರೋ ಮೇಲಿವೆ. ಡೌನ್‌ಟೌನ್ ಲೈನ್ ಅಂತ ಅದರ ಹೆಸರು. 2017ರಲ್ಲಿ ಅದು ಎಕ್ಸ್‌ಪೋ ತನಕ ಬಂದ ಮೇಲೆ ಚಾಂಗಿ ವಿಮಾನ ನಿಲ್ದಾಣದಿಂದ ಬರುವುದೂ ಸುಲಭವಾಯಿತು. ಚಾಂಗಿಯಲ್ಲಿ ಹತ್ತಿ, ಮುಂದಿನ ನಿಲ್ದಾಣ ಎಕ್ಸ್‌ಪೋದಲ್ಲಿ ರೈಲು ಬದಲಾಯಿಸಿದರೆ ಮೂರಕ್ಕೂ ನೇರ ದಾರಿ. ಗಾರ್ಡನ್ಸ್ ಬೈ ದ ಬೇ ಉದ್ಯಾನಕ್ಕೆ ಹೋಗಲು ಬೇಫ್ರಂಟ್‌ನಲ್ಲಿ ಇಳಿಯಬೇಕು. ಬುಗಿಸ್‌ನಿಂದ ಅದು ಎರಡನೇ ನಿಲ್ದಾಣ, ಚೈನಾಟೌನಿನಿಂದ ಮೂರನೆಯದು, ಲಿಟಲ್ ಇಂಡಿಯಾದಿಂದ ನಾಲ್ಕನೆಯದು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಟ್ಟು ಆ ಉದ್ಯಾನವಿರುವ ಮರೀನಾ ಬೇಯಲ್ಲೇ ಉಳಿಯುವ ಅಗತ್ಯ ನನಗಂತೂ ಕಾಣಲಿಲ್ಲ.

ಅತ್ತೆ ಜೊತೆಗಿದ್ದಾಗ ಉಳಿದದ್ದು ಲಿಟಲ್ ಇಂಡಿಯಾದಲ್ಲಿ. ಸೆರಂಗೂನ್ ರಸ್ತೆ ಆ ಬಡಾವಣೆಯ ಬೆನ್ನೆಲುಬು. ಅದರ ಒಂದು ತುದಿಯಲ್ಲಿ ಲಿಟಲ್ ಇಂಡಿಯಾ ನಿಲ್ದಾಣ ಮತ್ತು ಟೆಕ್ಕಾ ಮಾರುಕಟ್ಟೆ, ಇನ್ನೊಂದು ಕಡೆ ಫ್ಯಾರರ್ ಪಾರ್ಕ್ ನಿಲ್ದಾಣ. ನಾವು ಫ್ಯಾರರ್ ಪಾರ್ಕ್ ಕಡೆ ಇದ್ದೆವು. ನೇರಳೆ ಗೆರೆಯ ರೈಲು ಹತ್ತಿದರೆ ಸೀದಾ ಹಾರ್ಬರ್‌ಫ್ರಂಟ್, ಅಲ್ಲಿಂದ ಸೆಂತೋಸಾ ದ್ವೀಪ. ಎಲ್ಲೂ ಇಳಿದು ಹತ್ತುವ ಕೆಲಸವಿಲ್ಲ. ಮಂಡಿ ನೋವಿನವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಜೊತೆಯಲ್ಲಿ ಹೋದವರಿಗೇ ಗೊತ್ತು.

ಊಟದ ಚಿಂತೆಯಂತೂ ಇಲ್ಲವೇ ಇಲ್ಲ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ್ 1947ರಿಂದ ನಡೆಯುತ್ತಿದೆ. ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂಟಿಆರ್ ಇದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ 2013ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಬೆಳಿಗ್ಗೆ ದೇವರಿಗೆ ಕೈಮುಗಿದು, ರಸ್ತೆ ದಾಟಿ, ರವೆ ಇಡ್ಲಿ, ಕಾಫಿ. ಅತ್ತೆಯ ದಿನಚರಿ ಊರಲ್ಲಿದ್ದ ಹಾಗೇ ನಡೆಯಿತು. ಅವರಿಗೆ ಕೋಲಾರದ ಕಡೆಯ ಹರುಕು ಮುರುಕು ತಮಿಳು ಬರುತ್ತದೆ, ಅಲ್ಲಿ ಅದೇ ಸಾಕಾಯಿತು. ಎರಡನೇ ದಿನ ಸಂಜೆ ನಮಗೇ ಹೇಳಿದರು, "ನೀವು ನಿಮ್ಮ ಮಾಲ್ ಗೀಲ್ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಓಡಾಡ್ಕೊಂಡಿರ್ತೀನಿ." ನಾವು ಬರುವ ಹೊತ್ತಿಗೆ ಹೂವಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಮಲ್ಲಿಗೆ ಮಾಲೆ ತಂದು, ರೂಮಿನ ಕನ್ನಡಿಯ ಮುಂದೆ ಇಟ್ಟಿದ್ದ ದೇವರ ಫೋಟೊಗೆ ಹಾಕಿದ್ದರು. ಹಿರಿಯರು ಬೇರೆ ದೇಶದಲ್ಲಿ ಯಾರನ್ನೂ ಕಾಯದೆ ತಾವಾಗಿ ಹೊರಗೆ ಹೋಗಿ ಬರುವುದು ಸಣ್ಣ ವಿಷಯವಲ್ಲ. ಈಜುಕೊಳ ಇರುವ ಹೋಟೆಲಿಗಿಂತ ನನಗೆ ಇದೇ ಹೆಚ್ಚು.

ತೊಂದರೆ ಇಲ್ಲ ಅಂತಲ್ಲ. ಮುಖ್ಯ ರಸ್ತೆಯ ಕಡೆಗಿನ ರೂಮಾದರೆ ಗಾಡಿಗಳ ಸದ್ದು ರಾತ್ರಿಯೂ ಇರುತ್ತದೆ. ಸೈಯದ್ ಅಲ್ವಿ ರಸ್ತೆಯ ಮುಸ್ತಫಾ ಅಂಗಡಿ ತಡರಾತ್ರಿಯವರೆಗೂ ತೆರೆದಿರುವುದರಿಂದ ಆ ಓಣಿಗಳಲ್ಲಿ ಓಡಾಟ ಜಾಸ್ತಿ. ಭಾನುವಾರ ಸಂಜೆ ಇಡೀ ಬಡಾವಣೆ ಕಿಕ್ಕಿರಿಯುತ್ತದೆ. ತಮಿಳುನಾಡು, ಬಾಂಗ್ಲಾದೇಶದಿಂದ ಬಂದು ಕಟ್ಟಡ ಕೆಲಸ ಮಾಡುವವರಿಗೆ ಅದು ವಾರದ ರಜೆ. ಊರಿಗೆ ದುಡ್ಡು ಕಳಿಸಿ, ಸಾಮಾನು ಕೊಂಡು, ಸ್ನೇಹಿತರನ್ನು ಕಂಡು ಹೋಗುತ್ತಾರೆ. ಅವರ ದಿನ ಅದು. ನಮಗೆ ಭಯಪಡುವಂಥದ್ದು ಏನೂ ಕಾಣಲಿಲ್ಲ. ಆದರೆ ನಿಧಾನ ನಡೆಯುವವರನ್ನು ಆ ಹೊತ್ತಿನಲ್ಲಿ ಕರೆದುಕೊಂಡು ಹೋಗುವುದು ಕಷ್ಟ. ಸಿಂಗಾಪುರ ತಲುಪುವ ದಿನ ಭಾನುವಾರವಾದರೆ ಸಂಜೆಯೊಳಗೆ ರೂಮು ಸೇರಿಕೊಳ್ಳಿ.

ನಾವಿಬ್ಬರೇ ಹೋದಾಗ ಚೈನಾಟೌನ್. ನೋಡಲು ಮೂರರಲ್ಲಿ ಅತಿ ಚೆಂದ ಇದೇ. ಸೌತ್ ಬ್ರಿಡ್ಜ್ ರಸ್ತೆಯೊಂದರಲ್ಲೇ 1827ರಲ್ಲಿ ಶುರುವಾದ ಮಾರಿಯಮ್ಮನ್ ದೇವಸ್ಥಾನ, ಅದರ ಹತ್ತಿರವೇ ಜಮಾಯೆ ಮಸೀದಿ, ಇನ್ನೂ ನಾಲ್ಕು ಹೆಜ್ಜೆ ಹೋದರೆ ಬುದ್ಧನ ದಂತ ದೇವಾಲಯ. ಸಂಜೆ ಊಟವಾದ ಮೇಲೆ ಸುಮ್ಮನೆ ನಡೆದಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಂಗಾಪುರದಲ್ಲಿ ಸಿಕ್ಕಿಲ್ಲ.

ಉಳಿದದ್ದು ಒಂದು ಹಳೆಯ ಶಾಪ್‌ಹೌಸಿನಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಕಟ್ಟಡಗಳು ಇವು. ಚೈನಾಟೌನ್, ಲಿಟಲ್ ಇಂಡಿಯಾ, ಬುಗಿಸ್ ಪಕ್ಕದ ಕಾಂಪಾಂಗ್ ಗ್ಲಾಮ್, ಇವನ್ನೆಲ್ಲ 1989ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಆದ್ದರಿಂದ ಮುಂಭಾಗ ಹಳೆಯದರ ಹಾಗೇ ಇರಬೇಕು. ಕಟ್ಟಡದ ಅಗಲ ಕಡಿಮೆ, ಉದ್ದ ಜಾಸ್ತಿ. ಎರಡು ಪಕ್ಕದ ಗೋಡೆಯೂ ನೆರೆಮನೆಯ ಜೊತೆ ಹಂಚಿಕೊಂಡದ್ದು. ಕಿಟಕಿ ಇಡಲು ಮುಂದೆ ಮತ್ತು ಹಿಂದೆ ಮಾತ್ರ ಜಾಗ. ಅದನ್ನು ಹೋಟೆಲ್ ಮಾಡಿದಾಗ ನಡುವೆ ಬರುವ ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ.

ನಮಗೆ ಕೊಟ್ಟದ್ದು ಅಂಥದೇ ರೂಮು. ಪರದೆ ಎಳೆದರೆ ಹಿಂದೆ ಬಿಳಿ ಗೋಡೆ. ಬುಕಿಂಗ್ ಪುಟದ ಫೋಟೊದಲ್ಲಿ ದೊಡ್ಡ ಕಿಟಕಿ ಇತ್ತು, ಅದು ಬೇರೆ ದರ್ಜೆಯ ರೂಮಿನದಂತೆ. ಹಾಸಿಗೆ ಒಳ್ಳೆಯದೇ, ಎಸಿ ಚೆನ್ನಾಗಿತ್ತು, ನೆಲಕ್ಕೆ ಹೂಬಳ್ಳಿಯ ಹಳೆಯ ಟೈಲ್ಸ್. ಆದರೆ ಬೆಳಗಾಗಿದೆಯೋ ಇಲ್ಲವೋ ಗಡಿಯಾರ ನೋಡಿಯೇ ತಿಳಿಯಬೇಕು. ಸರಿಯಾಗಿ ಒಣಗದ ಬಟ್ಟೆಯ ವಾಸನೆ ಬೇರೆ. ಮರುದಿನ ಹೆಚ್ಚು ಹಣ ಕಟ್ಟಿ ಮುಂಭಾಗದ ರೂಮಿಗೆ ಹೋದೆವು. ಅಲ್ಲಿ ಮರದ ಕಿಟಕಿ ತೆರೆದರೆ ಕೆಳಗೆ ಇಡೀ ಬೀದಿ. ಅದೇ ಹೋಟೆಲ್, ಬೇರೆಯೇ ಅನುಭವ. ಒಂದೇ ಹೋಟೆಲ್ಲಿಗೆ ಒಬ್ಬರು ಐದು ಚುಕ್ಕೆ, ಇನ್ನೊಬ್ಬರು ಒಂದು ಚುಕ್ಕೆ ಕೊಟ್ಟಿರುತ್ತಾರಲ್ಲ, ಕಾರಣ ಇದೇ ಇರಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಮೆಟ್ಟಿಲಿನದೂ ಒಂದು ಮಾತು. ಕೆಲವು ಶಾಪ್‌ಹೌಸ್ ಹೋಟೆಲುಗಳಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿವೆ. ಹೊರಗಡೆ ಅಂಗಡಿಗಳ ಮುಂದೆ ನೆರಳಿನ ಜಗುಲಿ ಉದ್ದಕ್ಕೂ ಹೋಗುತ್ತದೆ. ಐದಡಿ ಅಗಲದ ಈ ಜಗುಲಿ 1822ರ ನಗರ ಯೋಜನೆಯ ಕಾಲದ್ದು. ಬಿಸಿಲು ಮಳೆಗೆ ಬಹಳ ಒಳ್ಳೆಯದು. ಆದರೆ ಅಂಗಡಿಯಿಂದ ಅಂಗಡಿಗೆ ಎತ್ತರ ಬದಲಾಗುತ್ತದೆ, ಅಲ್ಲಲ್ಲಿ ಒಂದೊಂದು ಮೆಟ್ಟಿಲು. ಸೂಟ್‌ಕೇಸ್ ಎಳೆಯುವವರಿಗೂ ಮಂಡಿ ನೋವಿನವರಿಗೂ ಅಷ್ಟು ಸುಖವಿಲ್ಲ. ಅತ್ತೆಯನ್ನು ಚೈನಾಟೌನಿಗೆ ಕರೆತಂದಿದ್ದರೆ ಕಷ್ಟವಾಗುತ್ತಿತ್ತು. ಬುದ್ಧ ದೇವಾಲಯದ ಸುತ್ತ ಚೀನೀ ಸಸ್ಯಾಹಾರ ಸಿಗುತ್ತದೆ, ರುಚಿಯೂ ಚೆನ್ನಾಗಿದೆ. ಆದರೆ ಸೋಯಾದಲ್ಲಿ ಮಾಡಿ ಮಾಂಸದ ಹಾಗೇ ಕಾಣುವ ತುಂಡುಗಳನ್ನು ನಮ್ಮ ಹಿರಿಯರು ಮುಟ್ಟುವುದು ಅನುಮಾನ. ಪುಣ್ಯಕ್ಕೆ ಲಿಟಲ್ ಇಂಡಿಯಾ ರೈಲಿನಲ್ಲಿ ಹತ್ತಿರವೇ.

ಮಗಳ ಜೊತೆ ಉಳಿದದ್ದು ಬುಗಿಸ್. ಹೆಚ್ಚು ಹೇಳಬೇಕಾದ್ದಿಲ್ಲ, ಏಕೆಂದರೆ ಎಲ್ಲವೂ ಸರಿಯಾಗಿ ನಡೆಯಿತು. ಇಲ್ಲಿರುವವು ಹೆಚ್ಚಾಗಿ ಎತ್ತರದ ಹೊಸ ಕಟ್ಟಡಗಳು. ಲಿಫ್ಟ್ ಇದೆ, ಕಿಟಕಿ ಇದೆ, ರೂಮು ನಾವು ಉಳಿದ ಮೂರರಲ್ಲಿ ದೊಡ್ಡದು. ಮೆಟ್ರೋ ನಿಲ್ದಾಣದಿಂದ ನೇರ ಮಾಲಿನೊಳಕ್ಕೆ ದಾರಿ, ಮಳೆ ಬಂದರೂ ಕೊಡೆ ಬಿಡಿಸಬೇಕಿಲ್ಲ. ವಿಕ್ಟೋರಿಯಾ ಬೀದಿಯ ರಾಷ್ಟ್ರೀಯ ಗ್ರಂಥಾಲಯ ಹತ್ತಿರವೇ. ಬಿಸಿಲಿನ ಹೊತ್ತನ್ನು ಮಗಳು ಅಲ್ಲೇ ಕಳೆದಳು, ಒಂದು ಪೈಸೆ ಖರ್ಚಿಲ್ಲ. ವಾಟರ್‌ಲೂ ಬೀದಿಯಲ್ಲಿ ಕೃಷ್ಣನ ದೇವಸ್ಥಾನ, ಅದರ ಆಚೆಗೇ ಗ್ವಾನ್‌ಯಿನ್ ದೇವಿಯ ಚೀನೀ ದೇವಸ್ಥಾನ. ಅಲ್ಲಿಗೆ ಬಂದ ಚೀನೀ ಭಕ್ತರು ಹಾಗೇ ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚಿ, ತಲೆಬಾಗಿ ಹೋಗುತ್ತಾರೆ. ಆ ಬೀದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ, ತಪ್ಪಿಸಿಕೊಳ್ಳಬೇಡಿ.

ಬುಗಿಸ್‌ನ ಕೊರತೆ ಬೆಳಗಿನ ತಿಂಡಿ. ಹೋಟೆಲಿನ ಬ್ರೆಡ್ಡು ಹಣ್ಣು ಎರಡು ದಿನಕ್ಕೇ ಬೇಸರ. ಮಿಡಲ್ ರಸ್ತೆಯ ಫಾರ್ಚೂನ್ ಸೆಂಟರಿನಲ್ಲಿ ಸಸ್ಯಾಹಾರಿ ಅಂಗಡಿಗಳಿವೆ, ಮಧ್ಯಾಹ್ನಕ್ಕೆ ಸಾಕು. ಇಡ್ಲಿ ಬೇಕೆಂದರೆ ಲಿಟಲ್ ಇಂಡಿಯಾಕ್ಕೆ ಹೋಗಬೇಕು. ಹುಡುಗರಿಗೆ ಅದು ನಡಿಗೆಯ ದೂರ, ಹಿರಿಯರಿಗೆ ಎರಡು ನಿಲ್ದಾಣದ ರೈಲು. ಸೆಂತೋಸಾಗೆ ಹೋಗಲು ಚೈನಾಟೌನಿನಲ್ಲಿ ಇಳಿದು ನೇರಳೆ ಗೆರೆಗೆ ಬದಲಾಯಿಸಬೇಕು.

ಅಗ್ಗ ಅಂತ ಗೇಲಾಂಗ್ ಕಡೆಯ ಹೋಟೆಲುಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ. ಅದು ಅಲ್ಲಿನ ಕೆಂಪು ದೀಪದ ಪ್ರದೇಶ. ಎಲ್ಲ ಓಣಿಯೂ ಹಾಗಿಲ್ಲ, ಊಟಕ್ಕೆ ಹೆಸರಾದ ಜಾಗವೂ ಹೌದು. ಆದರೂ ಮಕ್ಕಳು, ಹಿರಿಯರೊಂದಿಗೆ ಉಳಿಯಲು ನಾನು ಹೇಳುವುದಿಲ್ಲ. ಮನೆ ಬಾಡಿಗೆಗೆ ತೆಗೆದುಕೊಳ್ಳೋಣ ಅನ್ನುವವರಿಗೂ ಒಂದು ಮಾತು: ಸಿಂಗಾಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನಿಗೆ ವಿರುದ್ಧ. ವಾರದ ಮಟ್ಟಿಗೆ ಫ್ಲಾಟ್ ಕೊಡುತ್ತೇವೆ ಅಂದರೆ ನಂಬಬೇಡಿ.

ಮೂರೂ ಕಡೆಗೆ ಅನ್ವಯಿಸುವ ಲೆಕ್ಕ ದುಡ್ಡಿನದು. ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದ್ದರೆ ಅದರ ಮೇಲೆ ಶೇ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇ 9 ಜಿಎಸ್‌ಟಿ. 2024ರಿಂದ ತೆರಿಗೆ ಶೇ 9. ಅಂದರೆ 200 ಡಾಲರಿನ ರೂಮು 220 ಆಗಿ, ಕೊನೆಗೆ 239 ಡಾಲರ್ 80 ಸೆಂಟ್. ಎರಡು ಹೋಟೆಲ್ ಹೋಲಿಸುವಾಗ ಕೊನೆಯ ಪುಟದ ಮೊತ್ತವನ್ನೇ ಹಿಡಿಯಿರಿ. ಚೀನೀ ಹೊಸ ವರ್ಷದ ಹೊತ್ತಿಗೆ ಚೈನಾಟೌನ್, ದೀಪಾವಳಿಗೆ ಲಿಟಲ್ ಇಂಡಿಯಾ ತುಂಬಿ ತುಳುಕುತ್ತವೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮರೀನಾ ಬೇಯಲ್ಲಿ ಕಾರ್ ರೇಸ್ ನಡೆಯುವ ವಾರ ಊರಿಡೀ ಬೆಲೆ ಏರುತ್ತದೆ, ತಾರೀಕು ನೋಡಿಕೊಂಡು ಅದನ್ನು ತಪ್ಪಿಸಿ.

ರೂಮಿನ ಅಳತೆ ಚದರ ಮೀಟರಿನಲ್ಲಿ ಇರುತ್ತದೆ. 12 ಅಂದರೆ ಸುಮಾರು 130 ಚದರಡಿ, ಬಾತ್‌ರೂಮೂ ಸೇರಿ. ಇಬ್ಬರು ಮತ್ತು ಎರಡು ದೊಡ್ಡ ಸೂಟ್‌ಕೇಸ್, ಅಲ್ಲಿಗೆ ಮುಗಿಯಿತು. ಮೂರನೆಯವರಿಗೆ ನೆಲದಲ್ಲಿ ಹಾಸಿಕೊಳ್ಳೋಣ ಅನ್ನುವುದು ಅಲ್ಲಿ ನಡೆಯುವುದಿಲ್ಲ, ಬುಕ್ ಮಾಡುವಾಗಲೇ ಮೂರು ಜನ ಅಂತ ತೋರಿಸಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಅಪ್ಪ ಅಮ್ಮ, ಅತ್ತೆ ಮಾವ ಜೊತೆಗಿದ್ದರೆ ಲಿಟಲ್ ಇಂಡಿಯಾ, ಅದರಲ್ಲೂ ಫ್ಯಾರರ್ ಪಾರ್ಕ್ ಕಡೆ, ಒಳರಸ್ತೆಗೆ ಮುಖ ಮಾಡಿದ ರೂಮು. ಮಕ್ಕಳಿದ್ದರೆ ಬುಗಿಸ್. ಗಂಡ ಹೆಂಡತಿ ಇಬ್ಬರೇ, ಕಾಲು ಗಟ್ಟಿ ಇದೆ ಅಂದರೆ ಚೈನಾಟೌನ್, ಆದರೆ ಕಿಟಕಿ ಇರುವ ರೂಮು ಮಾತ್ರ. ಒಂದನ್ನೇ ಆರಿಸು ಅಂದರೆ ನನ್ನ ಮತ ಲಿಟಲ್ ಇಂಡಿಯಾಕ್ಕೆ.

ದುಡ್ಡು ಕಟ್ಟುವ ಮೊದಲು ಹೋಟೆಲಿಗೆ ಒಂದು ಇಮೇಲ್ ಕಳಿಸಿ, ನಾನು ಈಗ ತಪ್ಪದೆ ಮಾಡುತ್ತೇನೆ. ನಮ್ಮ ದರ್ಜೆಯ ರೂಮಿಗೆ ಹೊರಗೆ ತೆರೆಯುವ ಕಿಟಕಿ ಇದೆಯಾ, ರೂಮಿನ ಮಹಡಿಗೆ ಲಿಫ್ಟ್ ಬರುತ್ತದಾ, ಟಾಯ್ಲೆಟ್ಟಿನಲ್ಲಿ ನೀರಿನ ಜೆಟ್ ಸ್ಪ್ರೇ ಇದೆಯಾ, ಮೆಟ್ರೋದ ಯಾವ ದ್ವಾರದಲ್ಲಿ ಲಿಫ್ಟ್ ಇದೆ ಮತ್ತು ಅಲ್ಲಿಂದ ಎಷ್ಟು ನಡೆಯಬೇಕು. ಜಾಹೀರಾತಿನ "ಐದು ನಿಮಿಷ" ಹತ್ತಿರದ ದ್ವಾರದ್ದಾಗಿರುತ್ತದೆ, ಲಿಫ್ಟ್ ರಸ್ತೆಯ ಆಚೆಗಿರಬಹುದು. ಬೆಂಗಳೂರಿನಿಂದ ರಾತ್ರಿ ವಿಮಾನದಲ್ಲಿ ಹೋದರೆ ಬೆಳಗಿನ ಜಾವವೇ ಇಳಿಯುತ್ತೀರಿ, ರೂಮು ಕೊಡುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಬೇಗ ಕೊಡಲು ಆಗುತ್ತದಾ, ಆಗದಿದ್ದರೆ ಲಗೇಜ್ ಇಟ್ಟು ಮುಖ ತೊಳೆಯಲು ಜಾಗ ಇದೆಯಾ ಅಂತಲೂ ಅದೇ ಇಮೇಲಿನಲ್ಲಿ ಕೇಳಿಬಿಡಿ. ಎರಡು ದಿನದಲ್ಲಿ ಸ್ಪಷ್ಟ ಉತ್ತರ ಬಾರದಿದ್ದರೆ ನಾನು ಪಟ್ಟಿಯಲ್ಲಿರುವ ಮುಂದಿನ ಹೋಟೆಲಿಗೆ ಬರೆಯುತ್ತೇನೆ.