ಸೊಲ್ಲಾಪುರ ದರ್ಶನದ ಬಾಡಿಗೆ ಕಾರು: ಅವ್ವನೊಂದಿಗೆ ಹೋಗಿಬಂದವನ ಅಭಿಪ್ರಾಯ

ಸೊಲ್ಲಾಪುರದ ಯಾವುದೇ ಟ್ರಾವೆಲ್ಸ್ ಕಚೇರಿಯ ಮುಂದೆ ನಿಂತು ಫಲಕ ಓದಿದರೂ ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಗಾಣಗಾಪುರ ಎಂಬ ಹೆಸರುಗಳೇ ಕಾಣುತ್ತವೆ. ಯಾತ್ರಿಕರು ರೈಲಿನಿಂದ ಇಳಿದು, ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಬೇರೆ ಊರಿನ ದೇವರಿಗೆ ಹೊರಡುವ ತಂಗುದಾಣವೆಂದೇ ಈ ಊರನ್ನು ಎಲ್ಲರೂ ಎಣಿಸಿದ್ದಾರೆ. ಇಲ್ಲಿಯೇ ಸಂಸಾರ ಹೂಡಿರುವ ನಮ್ಮಂಥವರೂ ಅದಕ್ಕೆ ಹೊರತಲ್ಲ. ಹೀಗಿರುವಾಗ ಒಂದು ಕಚೇರಿಯವರು ‘ಸೊಲ್ಲಾಪುರ ದರ್ಶನ’ ಎಂದು ಊರೊಳಗಿನ ಸ್ಥಳಗಳನ್ನೇ ತೋರಿಸುವ ಕಾರಿನ ವ್ಯವಸ್ಥೆಯನ್ನು ಆರಂಭಿಸಿದ್ದು ನನಗೆ ಒಳ್ಳೆಯ ವಿಚಾರವೆನಿಸಿತು. ಇಂಡಿ ತಾಲ್ಲೂಕಿನ ಹಳ್ಳಿಯಿಂದ ನಮ್ಮ ತಾಯಿಯವರು ಬಂದಾಗ ಅದೇ ಕಾರನ್ನು ಗೊತ್ತುಪಡಿಸಿದೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ, ಮೊಣಕಾಲು ನೋವಿರುವ, ಆದರೆ ನೋಡುವ ಉತ್ಸಾಹ ಕುಗ್ಗದ ಹಿರಿಯರನ್ನು ಕರೆದೊಯ್ಯುವವರಿಗೆ ಈ ಸೇವೆ ಎಷ್ಟು ಒದಗುತ್ತದೆ ಎಂಬುದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರಿನ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಹೇಳಿದ ಹೊತ್ತಿಗೆ ಮನೆಯ ಮುಂದೆ ಬಂದು ನಿಂತಿತು, ಒಳಗೆ ಸ್ವಚ್ಛವಾಗಿತ್ತು, ಚಾಲಕ ಸೌಜನ್ಯದ ಹುಡುಗ. ಪ್ರತಿ ಸಲವೂ ಬಾಗಿಲು ತೆರೆದು ಅವ್ವನ ಕೈ ಹಿಡಿದು ಇಳಿಸಿದ. ಆದರೆ ಕನ್ನಡ ಬಲ್ಲ ಚಾಲಕನನ್ನು ಕಳುಹಿಸುವುದಾಗಿ ಕಚೇರಿಯವರು ಹೇಳಿದ್ದು ಮಾತಾಗಿಯೇ ಉಳಿಯಿತು. ಮನೆಮಾತು ಕನ್ನಡವಾಗಿರುವವರು ಓಣಿ ಓಣಿಗೂ ಸಿಗುವ ಈ ಊರಿನಲ್ಲಿ ಮರಾಠಿ, ಹಿಂದಿಗಳಷ್ಟೇ ಬಲ್ಲವನನ್ನು ಹುಡುಕಿ ಕಳುಹಿಸುವುದಕ್ಕೂ ಸ್ವಲ್ಪ ಶ್ರಮ ಬೇಕು. ಹೀಗಾಗಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು, ಮತ್ತು ಮೊದಲ ಸ್ಥಳದಲ್ಲೇ ಅದು ನನ್ನ ಕೈಯಿಂದ ಅವ್ವನ ಕೈಗೆ ಹೋಯಿತು.

ಮೊದಲ ಸ್ಥಳವೆಂದರೆ ಸಿದ್ಧೇಶ್ವರ ದೇವಸ್ಥಾನ. ನಾನು ಈ ಕೆರೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದವನು. ಅದರ ನಡುವಿನ ಗುಡಿಗೆ ಹೋಗುವ ದಾರಿಯಲ್ಲಿ ನಿಧಾನವಾಗಿ ನಡೆದದ್ದು ಮಾತ್ರ ಅವ್ವನ ಹೆಜ್ಜೆಯ ವೇಗದಿಂದಾಗಿ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಹುಟ್ಟಿದ ಸಿದ್ಧರಾಮ, ಶ್ರೀಶೈಲದ ಮಲ್ಲಯ್ಯನನ್ನು ಅರಸಿಕೊಂಡು ಹೋಗಿ ಮರಳಿ ಬಂದು, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿ, ಕೆರೆ ತೋಡಿಸಿ, ಕೊನೆಗೆ ಅಲ್ಲಮಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನೆಂಬ ಕಥೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆ, ಗುಡಿಗಳ ಕೆಲಸದಲ್ಲೇ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮ ಕೆಣಕಿದ ಪ್ರಸಂಗವನ್ನು ಅವ್ವ ಪುರಾಣದಲ್ಲಿ ಕೇಳಿ ಬಲ್ಲರು. ‘ತಮ್ಮಾ, ಅಂವ ಕೆಣಕಿದ್ದು ಖರೇ, ಆದರ ನೀರು ಇನ್ನೂ ಅದ ನೋಡು’ ಎಂದು ಅವರು ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಅಲ್ಲಮನ ಪರವಾಗಿ ವಾದಿಸುವ ಧೈರ್ಯ ನನಗೆ ಬರಲಿಲ್ಲ.

ಅಂಗಳದಲ್ಲಿರುವ ಸಿದ್ಧರಾಮನ ಯೋಗಸಮಾಧಿಯ ಮುಂದೆ ಅವರು ಕುಳಿತಷ್ಟು ಹೊತ್ತು ಕಾರಿನ ವೇಳಾಪಟ್ಟಿಯಲ್ಲಿ ಇರಲಿಲ್ಲ. ವಚನಗಳ ಕೊನೆಯಲ್ಲಿ ಮಾತ್ರ ಕೇಳುತ್ತಿದ್ದ ಕಪಿಲಸಿದ್ಧ ಮಲ್ಲಿಕಾರ್ಜುನನೆಂಬ ಅಂಕಿತಕ್ಕೆ ಇಲ್ಲಿ ಒಂದು ಊರು, ಒಂದು ಕೆರೆ, ಒಂದು ಅಂಗಳ ದೊರೆತದ್ದು ಅವರಿಗೆ ದೊಡ್ಡ ಸಂಗತಿಯಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಅವರೊಂದಿಗೆ ಕನ್ನಡದಲ್ಲೇ ಮಾತಿಗಿಳಿದು, ಸಂಕ್ರಾಂತಿಯ ಗಡ್ಡದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವುದನ್ನೂ, ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಸಾಂಕೇತಿಕವಾಗಿ ನಡೆಯುವ ಮದುವೆಯ ಅಕ್ಷತೆಯ ಶಾಸ್ತ್ರವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಯಾವ ಮಾರ್ಗದರ್ಶಿಯೂ ಅಷ್ಟು ಚೆನ್ನಾಗಿ ಹೇಳಲಾರ. ಮುಂದಿನ ಜನವರಿಗೆ ಬರುವುದಾಗಿ ಅವ್ವ ನನ್ನನ್ನು ಕೇಳದೆಯೇ ಅವರಿಗೆ ಮಾತು ಕೊಟ್ಟುಬಿಟ್ಟರು. ಚಾಲಕ ಹೊರಗಿನಿಂದ ಫೋನು ಮಾಡತೊಡಗಿದ್ದು ಈ ಹೊತ್ತಿಗೆ.

ಕೆರೆಯ ದಂಡೆಗೇ ಭುಯಿಕೋಟ್ ಎಂದು ಮರಾಠಿಯಲ್ಲಿ ಕರೆಯುವ ನೆಲಕೋಟೆ ಇದೆ. ಬೆಟ್ಟ ಹತ್ತಬೇಕಾಗಿಲ್ಲವೆಂಬುದೇ ಹಿರಿಯರಿಗೆ ಮೊದಲ ಅನುಕೂಲ. ಬಹಮನಿಯರ ಕಾಲದ ಈ ಕೋಟೆಗೆ ಎರಡು ಸುತ್ತಿನ ಗೋಡೆ, ಹೊರಗೆ ಕಂದಕ. ಒಳಗೆ ಉದ್ಯಾನವೂ ಹಳೆಯ ದೇವಾಲಯವೊಂದರ ಅವಶೇಷಗಳೂ ಇವೆ. ವಿಜಯಪುರದ ಕಡೆಯವರಿಗೆ ಇದರ ಕಥೆ ಮನೆಯ ಕಥೆಯೇ ಸರಿ. ಬಿಜಾಪುರದ ಆದಿಲಶಾಹಿಗಳೂ ಅಹಮದನಗರದ ನಿಜಾಮಶಾಹಿಗಳೂ ಈ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿ, ಕೊನೆಗೆ ವಿಜಯನಗರದ ವಿರುದ್ಧ ಒಂದಾಗಬೇಕಾಗಿ ಬಂದಾಗ ಹುಸೇನ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಮದುವೆ ಮಾಡಿಕೊಟ್ಟು, ಸೊಲ್ಲಾಪುರವನ್ನು ವರದಕ್ಷಿಣೆಯಾಗಿ ಒಪ್ಪಿಸಿದನು. ಅದರ ಬೆನ್ನಿಗೇ 1565ರ ತಾಳಿಕೋಟೆಯ ಯುದ್ಧ ನಡೆಯಿತು. ಇದನ್ನು ಹೇಳಿದಾಗ ಅವ್ವ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಷ್ಟು ವರದಕ್ಷಿಣೆ ಕೊಟ್ಟವರ ಮಗಳು ಅತ್ತೆಮನೆಯಲ್ಲಿ ಸುಖವಾಗಿದ್ದಳೇ ಎಂದು ಕೇಳಿದರು. ಗಂಡ ಸತ್ತ ಮೇಲೆ ಎಳೆಯ ಇಬ್ರಾಹಿಮನ ಪರವಾಗಿ ಬಿಜಾಪುರವನ್ನೇ ಆಳಿದಳೆಂದು ಉತ್ತರಿಸಿದೆ. ಬಿಸಿಲೇರುವ ಮೊದಲು ಕೋಟೆಗೆ ಬರುವುದು ಒಳ್ಳೆಯದು. ಬೇಸಿಗೆಯಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುವುದು ವಿಶೇಷವೇನಲ್ಲ.

ಇಷ್ಟರಲ್ಲಿ ಸೇವೆಯ ಮುಖ್ಯ ಕೊರತೆ ಸ್ಪಷ್ಟವಾಗಿತ್ತು. ಪಟ್ಟಿಯಲ್ಲಿ ಗುಡಿ, ಕೋಟೆ, ‘ಶಾಪಿಂಗ್’ ಎಂಬ ಮೂರೇ ಬಾಬುಗಳಿದ್ದವು. ಚಾರ್ ಹುತಾತ್ಮ ಚೌಕವನ್ನು ಸೇರಿಸಿರಲಿಲ್ಲ. ಅಲ್ಲಿ ಇಳಿಯಬೇಕೆಂದಾಗ ಚಾಲಕನಿಗೆ ಆಶ್ಚರ್ಯವಾಯಿತು, ದಿನವೂ ಸುತ್ತು ಹಾಕುವ ವೃತ್ತದಲ್ಲಿ ನೋಡುವುದೇನಿದೆ ಎಂಬಂತೆ. 1930ರ ಮೇ ತಿಂಗಳಿನಲ್ಲಿ ಬ್ರಿಟಿಷರು ಈ ಊರಿನ ಮೇಲೆ ಮಾರ್ಷಲ್ ಲಾ, ಎಂದರೆ ಸೇನಾಡಳಿತ, ಹೇರಿದರು. ಆ ಪ್ರಕರಣದಲ್ಲಿ 1931ರ ಜನವರಿ 12ರಂದು ಗಲ್ಲಿಗೇರಿಸಲ್ಪಟ್ಟ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಅವರ ಪ್ರತಿಮೆಗಳು ಅಲ್ಲಿವೆ. ಈ ಊರಿನವರೇ ಆದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರ ಸ್ಮಾರಕವೂ ಪಟ್ಟಿಯಲ್ಲಿ ಇರಲಿಲ್ಲ. 1938ರಲ್ಲಿ ಐವರು ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡುತ್ತ, ಅಲ್ಲಿಯೇ ಮದುವೆಯಾಗಿ, 1942ರಲ್ಲಿ ಅಲ್ಲಿಯೇ ತೀರಿಕೊಂಡವರು ಅವರು. ಆಗ ಅವರ ವಯಸ್ಸು 32. ಸ್ಮಾರಕದಿಂದ ಹೊರಬಂದ ಮೇಲೆ ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಅವರ ತಾಯಿಗೆ ಸುದ್ದಿ ಯಾರು ಮುಟ್ಟಿಸಿದರು ಎಂದು.

ಊಟಕ್ಕೆ ಚಾಲಕ ಒಯ್ದದ್ದು ಏಸಿ ಇರುವ ಪಂಜಾಬಿ ಹೋಟೆಲಿಗೆ. ನಾವು ಅಲ್ಲಿಂದ ಎದ್ದು ನನಗೆ ಪರಿಚಯವಿದ್ದ ಖಾನಾವಳಿಗೆ ಹೋದೆವು. ಕಡಕ್ ರೊಟ್ಟಿ, ಎಣ್ಣೆಗಾಯಿ, ಸೊಲ್ಲಾಪುರದ ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಇಲ್ಲಿಯ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟುತ್ತಾರೆ. ನಮ್ಮ ಮನೆಯ ಶೇಂಗಾ ಹಿಂಡಿಗಿಂತ ಖಾರ ಮುಂದು. ಅವ್ವ ಮೆಚ್ಚಿದರು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಅರ್ಧ ಕಿಲೋ ಕಟ್ಟಿಸಿಕೊಂಡರು.

ಚಾದರದ ಅಂಗಡಿಯ ವಿಷಯದಲ್ಲಿ ಎಚ್ಚರ ಬೇಕು. ಕಾರಿನವರು ಕರೆದೊಯ್ಯುವ ಅಂಗಡಿಯಲ್ಲಿ ಬೆಲೆ ಹೆಚ್ಚು, ಮಾಲು ಬೆರಕೆ. ಹೊರಗಿನಿಂದ ಬಂದ ಅಗ್ಗದ ಹೊದಿಕೆಗಳೂ ಸೊಲ್ಲಾಪುರದ ಹೆಸರಿನಲ್ಲೇ ಕುಳಿತಿದ್ದವು. ಅಸಲಿ ಚಾದರಕ್ಕೆ ಜಿಐ, ಎಂದರೆ ಭೌಗೋಳಿಕ ಸೂಚಕದ, ಮಾನ್ಯತೆ ಇದೆ. ಅದು ಜಕಾರ್ಡ್ ಮಗ್ಗದಲ್ಲಿ ನೇಯ್ದ ಹತ್ತಿಯ ಬಟ್ಟೆ, ಚಿತ್ರ ನೇಯ್ಗೆಯಲ್ಲೇ ಮೂಡಿ ಎರಡೂ ಬದಿಗೆ ಕಾಣಬೇಕು, ಮೇಲೆ ಅಚ್ಚು ಹಾಕಿದ್ದಾಗಿರಬಾರದು. ಅವ್ವ ಒಂದು ಚಾದರವನ್ನು ಮಗುಚಿ, ಅಂಚಿನ ಎಳೆ ಎಳೆದು ನೋಡಿ, ಮಡಿಸಿ ಮರಳಿ ಇಟ್ಟರು. ಸಂಜೆ ನೇಕಾರರು ಹೆಚ್ಚಾಗಿರುವ ಪೂರ್ವ ಭಾಗಕ್ಕೆ ಆಟೋದಲ್ಲಿ ಹೋಗಿ ಖರೀದಿಸಿದೆವು. ಅಲ್ಲಿಯ ಪದ್ಮಶಾಲಿ ವ್ಯಾಪಾರಿ ಮಗನೊಂದಿಗೆ ತೆಲುಗಿನಲ್ಲಿ, ನನ್ನೊಂದಿಗೆ ಮರಾಠಿಯಲ್ಲಿ, ಅವ್ವನೊಂದಿಗೆ ಅಚ್ಚುಕಟ್ಟಾದ ಕನ್ನಡದಲ್ಲಿ ಮಾತನಾಡಿದ. ಚೌಕಾಸಿಯಲ್ಲಿ ಮಾತ್ರ ಮೂರು ಭಾಷೆಗಳಲ್ಲೂ ಜಗ್ಗಲಿಲ್ಲ.

ಇನ್ನು ಬಾಡಿಗೆ. ಕಚೇರಿಯವರು ವಿಧಿಸಿದ್ದು 8 ಗಂಟೆ, 80 ಕಿಲೋಮೀಟರಿನ ದರ. ಇದು ಅಕ್ಕಲಕೋಟೆಗೆ ಹೋಗಿಬರುವವರಿಗೆ ಸರಿಹೊಂದುವ ಲೆಕ್ಕ. ಗುಡಿಯಿಂದ ಕೋಟೆಗೆ ಕಾರು ಹೊರಳಿಸುವುದರೊಳಗೆ ನಡೆದೇ ಹೋಗಬಹುದಾದ ಊರಿಗಲ್ಲ. ದಿನವಿಡೀ ತಿರುಗಿದರೂ ಮೀಟರು ಅದರ ಕಾಲುಭಾಗವನ್ನೂ ಮುಟ್ಟಲಿಲ್ಲ, ಆದರೆ ಬಿಲ್ಲು ಪೂರ್ತಿ ಬಂತು, ಪಾರ್ಕಿಂಗಿನ ಹಣ ಬೇರೆ. ಗುಡಿಯಲ್ಲಿ ಹೆಚ್ಚು ಹೊತ್ತು ಕುಳಿತದ್ದಕ್ಕೆ ಚಾಲಕ ಅವಸರಪಡಿಸಿದ್ದನ್ನು ಹೇಳಿದಾಗ, ಗುಡಿಗೆ ಮುಕ್ಕಾಲು ಗಂಟೆ ಸಾಕೆಂದು ತಾವೇ ಹೇಳಿ ಕಳುಹಿಸಿದ್ದಾಗಿ ಕಚೇರಿಯವರು ಒಪ್ಪಿಕೊಂಡರು. ಊರೊಳಗೆ ಮಾತ್ರ ತಿರುಗುವವರಿಗೆ 4 ಗಂಟೆ, 40 ಕಿಲೋಮೀಟರಿನ ಕಡಿಮೆ ದರವೂ ಇವರಲ್ಲಿದೆ. ಅದನ್ನು ಅವರಾಗಿ ಹೇಳುವುದಿಲ್ಲ; ದರಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿದೆ, ತಿರುಗಿಸಿ ತೋರಿಸಿ ಕೇಳಿದರೆ ಕೊಡುತ್ತಾರೆ.