ಎಂ.ಎಸ್ಸಿ. ಪ್ರಾಜೆಕ್ಟ್: ಪ್ರಯೋಗಾಲಯವೋ, ಕುರುಚಲು ಕಾಡೋ?

ಸಸ್ಯಶಾಸ್ತ್ರವಿರಲಿ, ಪ್ರಾಣಿಶಾಸ್ತ್ರವಿರಲಿ, ಸೂಕ್ಷ್ಮಜೀವಿಶಾಸ್ತ್ರವಿರಲಿ, ಜೀವವಿಜ್ಞಾನದ ಎರಡು ವರ್ಷದ ಎಂ.ಎಸ್ಸಿ. ಪೂರೈಸಲು ಬೇಕಾದ ನಾಲ್ಕು ಸೆಮಿಸ್ಟರುಗಳ ಪತ್ರಿಕೆಗಳು, ಪ್ರಾಯೋಗಿಕ ಪರೀಕ್ಷೆಗಳು, ಆಂತರಿಕ ಅಂಕಗಳು ಮತ್ತು ಹಾಜರಾತಿಯ ವಿಷಯದಲ್ಲಿ ವಿದ್ಯಾರ್ಥಿಗೆ ಹೆಚ್ಚಿನ ಆಯ್ಕೆ ಇರುವುದಿಲ್ಲ. ಆಯ್ಕೆ ಎದುರಾಗುವುದು ಎರಡನೆಯ ವರ್ಷದಲ್ಲಿ, ಪ್ರಾಜೆಕ್ಟಿನ ಪ್ರಶ್ನೆ ಬಂದಾಗ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರಲ್ಲಿ ಪ್ರಕಟಿಸಿದ ಸ್ನಾತಕೋತ್ತರ ಚೌಕಟ್ಟಿನ ಪ್ರಕಾರ ಆ ವರ್ಷವನ್ನು ಪೂರ್ಣವಾಗಿ ಪತ್ರಿಕೆಗಳಲ್ಲಿ ಕಳೆಯಬಹುದು, ಮೂರನೆಯ ಸೆಮಿಸ್ಟರಿನಲ್ಲಿ ಪತ್ರಿಕೆ ಓದಿ ನಾಲ್ಕನೆಯದರಲ್ಲಿ ಸಂಶೋಧನೆ ಮಾಡಬಹುದು, ಇಲ್ಲವೇ ಎರಡೂ ಸೆಮಿಸ್ಟರುಗಳನ್ನು ಸಂಶೋಧನೆಗೇ ಮೀಸಲಿಡಬಹುದು. ಇವುಗಳಲ್ಲಿ ಯಾವುದನ್ನು ತೆರೆದಿಡಬೇಕೆಂಬುದು ಆಯಾ ವಿಶ್ವವಿದ್ಯಾಲಯದ ತೀರ್ಮಾನ.

ನಾನು ದಾವಣಗೆರೆಯಲ್ಲಿದ್ದುಕೊಂಡು ಸಸ್ಯಶಾಸ್ತ್ರ ಓದುವಾಗ ಮೂರನೆಯ ಸೆಮಿಸ್ಟರಿನ ಕಿರು ಪ್ರಾಜೆಕ್ಟನ್ನು ಪ್ರಯೋಗಾಲಯದಲ್ಲಿಯೂ ನಾಲ್ಕನೆಯ ಸೆಮಿಸ್ಟರಿನ ಪ್ರಬಂಧವನ್ನು ಚಿತ್ರದುರ್ಗದ ಕಡೆಯ ಗುಡ್ಡಗಳಲ್ಲಿಯೂ ಮಾಡಿದ್ದರಿಂದ, ಎರಡರ ಸುಖದುಃಖಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳಬಲ್ಲೆ.

ಪ್ರಯೋಗಾಲಯದ ವಿಷಯ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ಮಣ್ಣಿನಲ್ಲಿರುವ, ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾ. ಭತ್ತದ ಬೇರಿಗೆ ಅಂಟಿದ ಮಣ್ಣನ್ನು ತಂದು, ಹಂತಹಂತವಾಗಿ ತೆಳುಗೊಳಿಸಿ, ಪಿಕೋವ್‌ಸ್ಕಾಯ ಅಗರ್ ಎಂಬ, ಸೂಕ್ಷ್ಮಜೀವಿಗಳನ್ನು ಬೆಳೆಸುವ ಮಾಧ್ಯಮ ತುಂಬಿದ ತಟ್ಟೆಯ ಮೇಲೆ ಹರಡಬೇಕು. ಈ ಮಾಧ್ಯಮದಲ್ಲಿ ಲೀಟರಿಗೆ 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಅದು ನೀರಿನಲ್ಲಿ ಕರಗದ ಕಾರಣ ತಟ್ಟೆ ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಗ್ಲೂಕೋನಿಕ್ ಆಮ್ಲದಂಥ ಸಾವಯವ ಆಮ್ಲಗಳನ್ನು ಹೊರಬಿಡುವುದರಿಂದ ಕೆಲವು ದಿನಗಳಲ್ಲಿ ಅದರ ವಸಾಹತಿನ (ಒಂದೆಡೆ ಗುಂಪಾಗಿ ಬೆಳೆದ ಚುಕ್ಕೆಯ) ಸುತ್ತ ಬಿಳುಪು ಕರಗಿ ತಿಳಿಯಾದ ಉಂಗುರವೊಂದು ಮೂಡುತ್ತದೆ. ಸ್ಕೇಲು ಹಿಡಿದು ವಸಾಹತಿನ ವ್ಯಾಸವನ್ನೂ ಉಂಗುರದ ವ್ಯಾಸವನ್ನೂ ಅಳೆದು, ಎರಡನ್ನೂ ಕೂಡಿಸಿ ವಸಾಹತಿನ ವ್ಯಾಸದಿಂದ ಭಾಗಿಸಿದರೆ ಕರಗಿಸುವ ಸಾಮರ್ಥ್ಯದ ಸೂಚ್ಯಂಕ ಸಿಗುತ್ತದೆ.

ಈ ಬಗೆಯ ಕೆಲಸದ ದೊಡ್ಡ ಅನುಕೂಲವೆಂದರೆ ಕೆಟ್ಟದ್ದು ಬೇಗ ತಿಳಿಯುತ್ತದೆ ಮತ್ತು ಅದನ್ನು ಮತ್ತೆ ಮಾಡಬಹುದು. ತಟ್ಟೆಗೆ ಬೂಷ್ಟು ಹಿಡಿದರೆ ಒಂದೆರಡು ದಿನದಲ್ಲಿಯೇ ಗೊತ್ತಾಗುತ್ತದೆ. ಮಾಧ್ಯಮವನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸಿ, ಪುನಃ ಆರಂಭಿಸಿದರಾಯಿತು. ಆದರೆ ವಿಭಾಗದಲ್ಲಿದ್ದ ಒಂದೇ ಆಟೋಕ್ಲೇವಿಗೆ ಇಡೀ ತರಗತಿಯೇ ಸರದಿ ನಿಲ್ಲುತ್ತಿತ್ತು, ಕುದಿ ಹತ್ತುವ ಹೊತ್ತಿಗೆ ಕರೆಂಟು ಹೋದರೆ ಆ ಮಧ್ಯಾಹ್ನ ಅಲ್ಲಿಗೇ ಮುಗಿಯುತ್ತಿತ್ತು. ಬ್ಯಾಕ್ಟೀರಿಯಾವನ್ನು ಖಚಿತವಾಗಿ ಗುರುತಿಸಬೇಕೆಂದರೆ 16ಎಸ್ ಆರ್‌ಆರ್‌ಎನ್‌ಎ ಜೀನಿನ ಅನುಕ್ರಮ (ಡಿಎನ್ಎ ಅಕ್ಷರಗಳ ಸಾಲು) ಬೇಕು. ನಮ್ಮಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕಿತ್ತು, ಖರ್ಚು ವಿದ್ಯಾರ್ಥಿಯ ತಲೆಗೇ ಬರುತ್ತಿತ್ತು.

ಗುಡ್ಡಗಳ ಗಿಡಮರಗಳ ಲೆಕ್ಕ ತೆಗೆಯುವ ಕ್ಷೇತ್ರಕಾರ್ಯದ ಖರ್ಚು ಬಸ್ ಚಾರ್ಜು, ಹಗ್ಗ ಮತ್ತು ಟೇಪಿನಲ್ಲಿ ಮುಗಿಯುತ್ತದೆ. ಮರಗಳಿಗೆ 10 ಮೀಟರ್ ಚೌಕ, ಅದರೊಳಗೆ ಪೊದೆಗಳಿಗೆ 5 ಮೀಟರ್, ಸಣ್ಣ ಗಿಡಗಳಿಗೆ 1 ಮೀಟರ್ ಚೌಕ ಹಾಕಿ, ಪ್ರತಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಬರೆದುಕೊಳ್ಳುತ್ತಾ ಹೋಗಬೇಕು. ದಿಂಡಿಗದ ಕಾಂಡಕ್ಕೆ ಟೇಪು ಸುತ್ತುತ್ತಿದ್ದಾಗ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು "ಏನವ್ವಾ, ಮರಕ್ಕೆ ಅಂಗಿ ಹೊಲಿಸ್ತೀಯೇನು?" ಎಂದು ಕೇಳಿದ್ದರು, ಕಮರ, ಕಾರೆ, ಬಂದರಿಕೆ, ಕವಳೆಗಳನ್ನು ಎಲೆಯಿಲ್ಲದಿದ್ದರೂ ತೊಗಟೆ ನೋಡಿಯೇ ಗುರುತಿಸಲು ಕಲಿಸಿದವರೂ ಅವರೇ. ಸಂಗ್ರಹಿಸಿದ ಕೊಂಬೆಗಳನ್ನು ಹಳೆಯ ದಿನಪತ್ರಿಕೆಗಳ ನಡುವೆ ಒತ್ತಿಟ್ಟು, ದಿನವೂ ಹಾಳೆ ಬದಲಿಸಿ ಒಣಗಿಸಿ, ಹರ್ಬೇರಿಯಂ ಹಾಳೆಗೆ ಹೊಲಿಯಬೇಕು. ಕೊನೆಯಲ್ಲಿ ಸಾಪೇಕ್ಷ ಸಾಂದ್ರತೆ (ಎಣಿಕೆಯಲ್ಲಿನ ಪಾಲು), ಆವರ್ತನ (ಎಷ್ಟು ಚೌಕಗಳಲ್ಲಿ ಸಿಕ್ಕಿತೆಂಬುದರ ಪಾಲು) ಮತ್ತು ಪ್ರಾಬಲ್ಯಗಳನ್ನು (ಕಾಂಡದ ಗಾತ್ರದಲ್ಲಿನ ಪಾಲು) ಕೂಡಿಸಿ ಪ್ರತಿ ಜಾತಿಯ ಮಹತ್ವ ಸೂಚ್ಯಂಕ ತೆಗೆಯುತ್ತೇವೆ. ಮೂರೂ ಶೇಕಡಾ ಲೆಕ್ಕಗಳಾದ್ದರಿಂದ ಎಲ್ಲ ಜಾತಿಗಳ ಮೊತ್ತ 300 ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಇಷ್ಟು ಅಗ್ಗವಾದ ಮಾರ್ಗವನ್ನು ಎಲ್ಲರೂ ಏಕೆ ಹಿಡಿಯುವುದಿಲ್ಲವೆಂದರೆ, ಕಾಲ ಕಾಯುವುದಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಮಳೆ ಚೆನ್ನಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಸಣ್ಣ ಗಿಡಗಳು ಹೂಬಿಡುವುದೂ ಆಗಲೇ. ನಾಲ್ಕನೆಯ ಸೆಮಿಸ್ಟರಿನ ಬಹುಪಾಲು ಬೇಸಿಗೆಯಲ್ಲಿ ಬೀಳುವುದರಿಂದ, ಆಗ ಹೊರಟವರ ಚೌಕದಲ್ಲಿ ಬೋಳು ಮರಗಳೂ ಲಾಂಟಾನವೂ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ, ಮತ್ತು ತಪ್ಪಿದ ಋತು ಬರುವ ವರ್ಷವೇ ಮರಳುತ್ತದೆ. ಅನುಮತಿಯ ಮಾತೂ ಇದೆ: ಜೋಗಿಮಟ್ಟಿಯಾಗಲಿ, ಕೊಂಡುಕುರಿಗಳೆಂಬ ನಾಲ್ಕು ಕೊಂಬಿನ ಹುಲ್ಲೆಗಳಿರುವ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವಾಗಲಿ ವನ್ಯಜೀವಿಧಾಮಗಳಾದ್ದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯಬೇಕು. ನಾನು ಧಾಮದ ಹೊರಗಿನ ಗೋಮಾಳದ ಗುಡ್ಡಗಳನ್ನು ಆರಿಸಿಕೊಂಡು, ಮೂರನೆಯ ಸೆಮಿಸ್ಟರಿನ ಮಳೆಗಾಲದಲ್ಲಿಯೇ ಗಿಡಗಳ ಲೆಕ್ಕ ತೆಗೆದು, ಮರಗಳ ಅಳತೆಯನ್ನು ಬೇಸಿಗೆಗೆ ಉಳಿಸಿಕೊಂಡೆ.

ಬರವಣಿಗೆಯ ಹಂತದಲ್ಲಿ ಕ್ಷೇತ್ರಕಾರ್ಯ ಸ್ಪಷ್ಟವಾಗಿ ಮೇಲು. ಯುಜಿಸಿಯ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮರುಸಲ್ಲಿಸಬೇಕಾಗುತ್ತದೆ. ಪ್ರಯೋಗಾಲಯದ ವಿಧಾನಗಳನ್ನು ಎಲ್ಲರೂ ಬಹುತೇಕ ಒಂದೇ ಮಾತಿನಲ್ಲಿ ಬರೆದಿರುವುದರಿಂದ ಅಲ್ಲಿ ಹೊಸ ವಾಕ್ಯ ಕಟ್ಟುವುದೇ ಒಂದು ಪರದಾಟ. ಗುಡ್ಡದ ವರ್ಣನೆಯನ್ನಾದರೋ ನಾನಲ್ಲದೆ ಬೇರೆಯವರು ಬರೆದಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿಯೂ ಇದೇ ಅನುಭವ. ಕಿರು ಪ್ರಾಜೆಕ್ಟಿನ ಬಗ್ಗೆ ಬಂದ ಪ್ರಶ್ನೆಗಳು ಪಠ್ಯದಲ್ಲಿರುವಂಥವೇ. ಪ್ರಬಂಧದ ಬಗ್ಗೆ, ಚೌಕಗಳ ಸಂಖ್ಯೆ ಸಾಕೆಂದು ಹೇಗೆ ನಿರ್ಧರಿಸಿದಿರಿ ಎಂದು ಪರೀಕ್ಷಕರು ಕೇಳಿದಾಗ, ಚೌಕ ಹೆಚ್ಚಿದಂತೆ ಹೊಸ ಜಾತಿಗಳು ಸೇರುವುದು ನಿಂತುಹೋದ ನಕ್ಷೆಯನ್ನು ತೋರಿಸಿ ಧೈರ್ಯವಾಗಿ ಉತ್ತರಿಸಲು ಸಾಧ್ಯವಾಯಿತು. ಕೆಲಸ ಹುಡುಕುವಾಗ ಮಾತ್ರ ತಕ್ಕಡಿ ಮತ್ತೊಂದು ಕಡೆಗೆ ವಾಲುತ್ತದೆ, ಏಕೆಂದರೆ ಔಷಧ ಮತ್ತು ಆಹಾರ ಕಂಪನಿಗಳ ಗುಣಮಟ್ಟ ವಿಭಾಗದವರು ತಟ್ಟೆ ಹರಡಲು ಬರುತ್ತದೆಯೇ ಎಂದು ಕೇಳುತ್ತಾರೆಯೇ ಹೊರತು ದಿಂಡಿಗದ ಸಾಂದ್ರತೆಯನ್ನು ಕೇಳುವುದಿಲ್ಲ.

ಪ್ರಾಜೆಕ್ಟನ್ನೇ ಬಿಟ್ಟು ಪತ್ರಿಕೆ ಓದುವ ದಾರಿ, ಸಂಶೋಧನಾ ವೇತನಕ್ಕೂ ಅಧ್ಯಾಪಕ ಹುದ್ದೆಗೂ ಅರ್ಹತೆ ನಿರ್ಧರಿಸುವ ರಾಷ್ಟ್ರಮಟ್ಟದ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ಗೆ ಕುಳಿತುಕೊಳ್ಳುವವರಿಗೆ ಹಿಡಿಸಬಹುದು. ಆ ಪರೀಕ್ಷೆಯ ಜೀವವಿಜ್ಞಾನದ ಪಠ್ಯದಲ್ಲಿ 13 ಘಟಕಗಳಿದ್ದು, 200 ಅಂಕಗಳಲ್ಲಿ 100 ಅಂಕ ಸಿ ಭಾಗದ್ದೇ. ಆದರೆ ಆ ಭಾಗ ಕೇಳುವುದು ಪ್ರಯೋಗದ ಫಲಿತಾಂಶವನ್ನು ಓದುವ ಜಾಣ್ಮೆಯನ್ನು, ಮತ್ತು ಅದು ಕೈಯಾರೆ ಒಂದು ಪ್ರಯೋಗ ಮಾಡಿದವರಿಗೆ ಸಲೀಸು.

ಈ ಸಾಲಿನಲ್ಲಿ ಸೇರುವವರು ಕೇಳಿದರೆ ನಾನು ಎರಡನ್ನೂ ಬೆಸೆದ ವಿಷಯವನ್ನೇ ಸೂಚಿಸುತ್ತೇನೆ: ಮಳೆಗಾಲದಲ್ಲಿ ಗುಡ್ಡದ ಗಿಡಗಳ ಲೆಕ್ಕ ತೆಗೆದು, ಆ ಚೌಕಗಳದೇ ಬೇರುಮಣ್ಣನ್ನು ತಂದು, ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕಾಪಿಟ್ಟರೆ, ಬಿಸಿಲು ನೆತ್ತಿ ಸುಡುವ ತಿಂಗಳುಗಳಲ್ಲಿ ತಟ್ಟೆಗಳ ಕೆಲಸವನ್ನು ನೆರಳಿನಲ್ಲಿ ಕುಳಿತು ಮುಗಿಸಬಹುದು. ಇದಕ್ಕೆ ಮಾರ್ಗದರ್ಶಕರ ಒಪ್ಪಿಗೆಯನ್ನು ಆಗಸ್ಟಿನೊಳಗೆ ಪಡೆದಿರಬೇಕು.