ಉಸ್ತರಾ ಮಸೆಯುವ ಜಪಾನಿ ಕಲ್ಲು: ಎರಡು ವರ್ಷ ಬಳಸಿದ ಮೇಲೆ

ಈ ಕಲ್ಲನ್ನು ನಾನು ಕೊಂಡಿದ್ದು ಅವಸರಕ್ಕೆ. ಉಸ್ತರಾ, ಅಂದರೆ ಕ್ಷೌರದ ಕತ್ತಿ, ಮನೆಗೆ ಬಂದ ಐದನೇ ದಿನವೇ ಆರ್ಡರ್ ಮಾಡಿದ್ದೆ. ಅದು ನಿಜವಾಗಿ ಬೇಕಾಗಿದ್ದು ನಾಲ್ಕು ತಿಂಗಳಾದ ಮೇಲೆ.

ಒಂದು ಮುಖ 1000 ಗ್ರಿಟ್, ಇನ್ನೊಂದು 6000. ಗ್ರಿಟ್ ಅಂದರೆ ಕಲ್ಲಿನ ನಯದ ಅಳತೆ, ಅಂಕಿ ದೊಡ್ಡದಾದಷ್ಟೂ ಕಲ್ಲು ನಯ. ನಾನು ಕೊಂಡಾಗ ಬೆಲೆ ಮೂರೂವರೆ ಸಾವಿರದ ಆಸುಪಾಸು ಇತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿ ನೋಡಿದ್ದೆ. ಚಾಕು, ಕುಡುಗೋಲು ಮಸೆಯುವ ಒರಟು ಕಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಅದಕ್ಕೆ ಉಸ್ತರಾ ತಾಗಿಸಲೂ ಬೇಡಿ.

ಮೊದಲ ವಾರವೇ ಗದ್ದದ ಕೆಳಗೆ ಉರಿ. ಕತ್ತಿ ಮೊಂಡಾಯಿತು ಅಂದುಕೊಂಡು ಬ್ರಹ್ಮಪುರದ ಹಳೇ ಕಟಿಂಗ್ ಅಂಗಡಿಯ ಕಾಕಾಗೆ ತೋರಿಸಿದೆ. ಅವರೂ ಈಗ ಬಳಸುವುದು ಅರ್ಧ ಬ್ಲೇಡ್ ಸಿಕ್ಕಿಸುವಂಥದ್ದೇ, ಆದರೆ ಕೈ ಹಳೇದು. ಮುಂಗೈ ಕೂದಲಿಗೆ ಅಲಗು ತಾಗಿಸಿದರು, ಕೂದಲು ಸುಮ್ನೆ ಉದುರಿತು. "ಕತ್ತಿ ಬರೋಬರಿ ಅದ ತಮ್ಮಾ, ನಿನ್ನ ಕೈನೇ ಇನ್ನಾ ಕುಂತಿಲ್ಲ" ಎಂದರು. ಅಲಗನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯಬೇಕು. ನಾನು ನೆಟ್ಟಗೆ ಹಿಡಿದು ಕೆರೆಯುತ್ತಿದ್ದೆ!

ಹಾಗಾಗಿ ನಾಲ್ಕು ತಿಂಗಳು ಬರೀ ತೊಗಲಿನ ಪಟ್ಟಿ. ಪ್ರತಿ ಶೇವ್‌ಗೆ ಮುಂಚೆ ಕತ್ತಿಯನ್ನು ಅದರ ಮೇಲೆ ನಲವತ್ತು ಐವತ್ತು ಸಲ ತಿಕ್ಕುವುದು. ಕತ್ತಿಯ ದಪ್ಪ ಬೆನ್ನು ಮುಂದೆ, ಅಲಗು ಹಿಂದೆ. ಒಂದು ದಿನ ತಿರುಗಿಸುವಾಗ ಮರೆತು ಅಲಗು ಮುಂದಾಯಿತು. ಪಟ್ಟಿಯ ಮೇಲೆ ಉಗುರು ಚುಚ್ಚಿದಂಥ ಆ ಗಾಯ ಇನ್ನೂ ಇದೆ.

ಪಟ್ಟಿಗೆ ಚೆನ್ನಾಗಿ ತಿಕ್ಕಿದ ಮೇಲೂ ಎರಡು ಮೂರು ಶೇವ್ ಕೂದಲನ್ನು ಕತ್ತರಿಸುವ ಬದಲು ಎಳೆದರೆ, ಆಗ ಕಲ್ಲು ತೆಗೆಯಿರಿ. ವಾರಕ್ಕೆ ಮೂರು ಸಲ ಶೇವ್ ಮಾಡುವ ನನಗೆ ಇದು ಮೂರ್ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ಆಗಲೂ 6000ದ ಮುಖ ಸಾಕು. 1000 ಬೇಕಾಗುವುದು ಅಲಗಿನ ಅಂಚು ಚಕ್ಕೆ ಎದ್ದಾಗ, ಇಲ್ಲವೇ ಪೂರ್ತಿ ಹಾಳಾದಾಗ.

ನಾನು ಕೈ ಪಳಗಿಸಿದ್ದು ಟ್ರಂಕಿನಲ್ಲಿ ಸಿಕ್ಕ ಮುತ್ಯಾನ (ಅಜ್ಜನ) ಉಸ್ತರಾ ಮೇಲೆ. ಹೊಸದನ್ನು ಮುಟ್ಟಲಿಲ್ಲ. ಅಂಚಿಗೆ ಮಾರ್ಕರ್ ಮಸಿ ಬಳಿದು ಕಲ್ಲಿನ ಮೇಲೆ ನಾಲ್ಕು ಸಲ ಎಳೆದೆ. ನಡುವೆ ಮಸಿ ಹೋಗಿತ್ತು, ತುದಿಯಲ್ಲಿ ಹಾಗೇ ಇತ್ತು. ಅಂದರೆ ತುದಿ ಕಲ್ಲಿಗೆ ತಾಗುತ್ತಲೇ ಇರಲಿಲ್ಲ. ಬೆನ್ನು, ಅಲಗು ಎರಡೂ ಕಲ್ಲಿಗೆ ಅಂಟಿರಬೇಕು, ಓರೆ ಎಷ್ಟಿರಬೇಕು ಅನ್ನೋದನ್ನು ಬೆನ್ನೇ ನೋಡಿಕೊಳ್ಳುತ್ತದೆ. ಕಲ್ಲಿನ ಮೇಲೆ ಅಲಗು ಮುಂದೆ, ಪಟ್ಟಿಗೆ ಪೂರ್ತಿ ಉಲ್ಟಾ. ಭಾರ ಹಾಕಬೇಡಿ. ಅಲಗಿನ ಮುಂದೆ ನೀರು ಬುಡದಿಂದ ತುದಿತನಕ ಒಂದೇ ಸಮ ಸರಿದರೆ ಸರಿಯಾಗಿ ನಡೆದಿದೆ ಅಂತ ಅರ್ಥ. ಮುತ್ಯಾನ ಕತ್ತಿಗೆ ಎರಡು ಭಾನುವಾರ ಹಿಡಿಯಿತು.

ಈಗ ದೂರು. 6000 ಒಂದರಿಂದಲೇ ಶೇವ್ ನಯವಾಗುವುದಿಲ್ಲ, ಗಂಟಲ ಹತ್ತಿರ ಚುರುಚುರು ಅನ್ನುತ್ತದೆ. ಡೆನಿಮ್ ಬಟ್ಟೆಗೆ ಹಸಿರು ಪೇಸ್ಟ್, ಅಂದರೆ ಕ್ರೋಮಿಯಂ ಆಕ್ಸೈಡ್, ಬಳಿದು ಹತ್ತು ಸಲ ತಿಕ್ಕಿದ ಮೇಲೆಯೇ ಸಮಾಧಾನ. ಕೈಲಿ ದುಡ್ಡಿದ್ದರೆ 8000 ಅಥವಾ 12000 ಗ್ರಿಟ್‌ನ ಕಲ್ಲು ಜೊತೆಗೆ ಕೊಳ್ಳಿ.

ಇನ್ನೊಂದು, ಕಲ್ಲು ಮೆತ್ತಗಿದೆ, ನಡುವೆ ಬೇಗ ತಗ್ಗು ಬೀಳುತ್ತದೆ. ಪೆನ್ಸಿಲ್‌ನಿಂದ ಗೆರೆ ಹಾಕಿ, ನೀರು ಕಾಗದದ (ನೀರು ಹಾಕಿ ಬಳಸುವ ಉಜ್ಜುಕಾಗದ) ಮೇಲೆ ಎಲ್ಲಾ ಗೆರೆ ಅಳಿಯುವತನಕ ಉಜ್ಜಬೇಕು. ಮನೆ ತುಂಬ ಶಹಾಬಾದ್ ಫರ್ಸಿ (ನೆಲದ ಹಾಸುಗಲ್ಲು) ಇದೆಯಲ್ಲ ಅಂತ ಅದರ ಮೇಲೇ ಕಾಗದ ಇಟ್ಟು ಉಜ್ಜಿದೆ. ನೋಡೋಕೆ ಮಟ್ಟಸ, ಆದರೆ ಕಾಗದ ಅಲುಗಾಡುತ್ತಿತ್ತು, ಒಂದು ಮೂಲೆಯ ಗೆರೆ ಅಳಿಯಲೇ ಇಲ್ಲ. ದಪ್ಪ ಗಾಜಿನ ತುಂಡು ತಂದ ಮೇಲೆ ಸರಿಹೋಯಿತು.

ನಮ್ಮ ಮೇ ತಿಂಗಳ ಬಿಸಿಲಿಗೆ ಹದಿನೈದು ನಿಮಿಷ ನೆನೆಸಿದ ಕಲ್ಲೂ ನೋಡನೋಡುತ್ತ ಒಣಗುತ್ತದೆ. ನಾನು ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು ಬೆಳಿಗ್ಗೆ ಆರಕ್ಕೇ ಕೂರುತ್ತೇನೆ. ಮುಗಿದ ಮೇಲೆ ಕತ್ತಿ ಒರೆಸಿ ಒಂದು ಹನಿ ಎಣ್ಣೆ. ಬೋರ್ ನೀರಿನ ಬಿಳಿ ಕಲೆ ಒಮ್ಮೆ ಕೂತರೆ ಬಿಡೋದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪಟ್ಟಿ ಕೊಳ್ಳದೆ ಕಲ್ಲು ಮಾತ್ರ ಕೊಳ್ಳುವವರಿದ್ದರೆ, ಆರ್ಡರ್ ಕ್ಯಾನ್ಸಲ್ ಮಾಡಿ, ಮೊದಲು ಪಟ್ಟಿ ತರಿಸಿ.